1.30ಕ್ಕೆ 1.30 ಕೂಡಿಸಿದರೆ ಎಷ್ಟು? ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೆ,
ಹಾಗೆಯೇ ನೆರೆಯ ವಿಜಯಪುರ ಮತ್ತು ಬೆಳಗಾವಿಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ಬಾಗಲಕೋಟೆ ಜಿಲ್ಲೆಯ ಒಂದು ತಾಲೂಕು ಕಚೇರಿಯ ಎದುರಿಗೆ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಉತಾರ, ಅಂದರೆ ಹೊಲದ ಪಹಣಿ ತೆಗೆದುಕೊಡುತ್ತೇನೆ, ಅರ್ಜಿ ಟೈಪ್ ಮಾಡುತ್ತೇನೆ, ಬೆಳೆ ವಿಮೆಯ ಫಾರ್ಮು ತುಂಬುತ್ತೇನೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ದಿನಾ ಹತ್ತಾರು ಜನರ ಹೊಲ ಅಂಕಿಯಾಗಿ ನನ್ನ ಕೈಯಲ್ಲಿ ಹಾದುಹೋಗುತ್ತದೆ. ಆ ಅಂಕಿಗಳ ನಡುವೆ ಕೂತಿರುವ ಒಂದು ಚುಕ್ಕಿಯ ಬಗ್ಗೆ ಈ ಪತ್ರ. ಚುಕ್ಕಿ ಸಣ್ಣದು ಅಂತ ಪತ್ರ ಪಕ್ಕಕ್ಕೆ ಇಡಬೇಡಿ, ದಯವಿಟ್ಟು ಪೂರ್ತಿ ಓದಿ.

ಹೋದ ವರ್ಷ ಮೃಗಶಿರಾ ಮಳೆ ಸುರುವಾದ ಹೊತ್ತು. ಅರವತ್ತು ದಾಟಿದ ಒಬ್ಬ ತಾಯಿ ಮೊಮ್ಮಗನ ಜೊತೆ ಅಂಗಡಿಗೆ ಬಂದರು. ಗಂಡ ತೀರಿಕೊಂಡು ಹೊಲ ಅವರ ಹೆಸರಿಗೆ ವಾರಸಾ ಆಗಿತ್ತು. ಎರಡು ಸರ್ವೇ ನಂಬರು, ಎರಡರಲ್ಲೂ 1 ಎಕರೆ 30 ಗುಂಟೆ. ಅರ್ಜಿಯಲ್ಲಿ ‘ಒಟ್ಟು ವಿಸ್ತೀರ್ಣ’ ಅಂತ ಒಂದು ಖಾನೆ. ಮೊಮ್ಮಗ ಪಿಯುಸಿ ಸೈನ್ಸ್ ಓದುವ ಹುಡುಗ, ಚುರುಕು. ಮೊಬೈಲ್ ತೆಗೆದು 1.30ಕ್ಕೆ 1.30 ಕೂಡಿಸಿದ. 2.60 ಬಂತು. ಅದನ್ನೇ ಬರೆಯಿರಿ ಅಂದ.

ಆ ತಾಯಿ ಹುಡುಗನ ಕೈ ಹಿಡಿದು ನಿಲ್ಲಿಸಿದರು. “ಅರವತ್ತು ಗುಂಟೆ ಹೆಂಗಾಗ್ತದೋ ತಮ್ಮಾ? ನಲವತ್ತಕ್ಕ ಎಕರೆ ತುಂಬ್ತದಲ್ಲ!” ಅಂದರು. ಆಮೇಲೆ ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸುತ್ತಾ ತಾವೇ ಲೆಕ್ಕ ಹೇಳಿದರು: ಮೂರು ಎಕರೆ ಇಪ್ಪತ್ತು ಗುಂಟೆ. ಅವರು ಸಾಲಿಯ ಮೆಟ್ಟಿಲು ಹತ್ತಿದವರಲ್ಲ. ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದು ಅದೇ ಬೆರಳಿನಿಂದ.

ಹುಡುಗನದು ತಪ್ಪು ಅಂತ ನಾನು ಹೇಳುವುದಿಲ್ಲ. ಅವನಿಗೆ ಸಾಲಿಯಲ್ಲಿ ಕಲಿಸಿದ ಚುಕ್ಕಿ ದಶಮಾಂಶದ ಚುಕ್ಕಿ. ಆ ಚುಕ್ಕಿಯ ಆಚೆ ನೂರು ತುಂಬಬೇಕು. ಉತಾರದ ಚುಕ್ಕಿಯ ಆಚೆ ನಲವತ್ತು ತುಂಬಿದರೆ ಸಾಕು. ಇನ್ನು 1.30 ಅನ್ನುವುದು ಒಂದೂವರೆ ತಾಸು ಅಂತಾದರೆ, ಎರಡು ಸೇರಿ 3 ತಾಸು. ರೊಕ್ಕ ಆದರೆ 2 ರೂಪಾಯಿ 60 ಪೈಸೆ. ಹೊಲ ಆದರೆ 3.20. ಒಂದೇ ಲೆಕ್ಕ, ಮೂರು ಉತ್ತರ, ಮೂರೂ ಸರಿ. ಯಾವುದರ ಲೆಕ್ಕ ಅಂತ ಆ ಚುಕ್ಕಿ ಮಾತ್ರ ಹೇಳುವುದೇ ಇಲ್ಲ.

ಗುಂಟೆಯ ಲೆಕ್ಕ ನಿಮಗೆ ಗೊತ್ತಿಲ್ಲದ್ದೇನಲ್ಲ. ಆದರೂ ಈ ಪತ್ರ ಓದುವ ಬೇರೆಯವರಿಗಾಗಿ ಬರೆಯುತ್ತೇನೆ. 33 ಅಡಿ ಉದ್ದ, 33 ಅಡಿ ಅಗಲ ಇದ್ದರೆ ಒಂದು ಗುಂಟೆ. ಅಂದರೆ 1,089 ಚದರ ಅಡಿ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ, 43,560 ಚದರ ಅಡಿ. ಗುಂಟೆಯೊಳಗೆ ಮತ್ತೆ 16 ಆಣೆ. ಹೊಲ ಪಾಲು ಮಾಡುವ ಮನೆಗಳಿಗೆ ಇದು ಒಳ್ಳೆಯ ಲೆಕ್ಕ. ನಲವತ್ತನ್ನು ಇಬ್ಬರಿಗೆ, ನಾಲ್ವರಿಗೆ, ಐವರಿಗೆ, ಎಂಟು ಮಂದಿಗೆ ಚೂರೂ ಉಳಿಯದ ಹಾಗೆ ಹಂಚಬಹುದು. ಹದಿನಾರನ್ನು ಅರ್ಧ, ಅರ್ಧದ ಅರ್ಧ ಅಂತ ಒಡೆಯುತ್ತಾ ಕೊನೆಗೆ ಒಂದಕ್ಕೆ ಬಂದು ನಿಲ್ಲಬಹುದು. ಅದಕ್ಕೇ ಜನ ಇದನ್ನು ಬಿಟ್ಟಿಲ್ಲ. ಬಿಡಬೇಕು ಅಂತ ನಾನೂ ಹೇಳುವುದಿಲ್ಲ.

ಸರ್ಕಾರ ಹೊಲದ ದಾಖಲೆ ಇಡುವ ‘ಭೂಮಿ’ ತಂತ್ರಾಂಶದ ಉತಾರದಲ್ಲಿ ವಿಸ್ತೀರ್ಣ 3.20.00.00 ಅಂತ ಇರುತ್ತದೆ. ಎಕರೆ, ಗುಂಟೆ, ಆಣೆ, ಅದರ ಆಚೆಯ ಚೂರು. ಮೂರು ಚುಕ್ಕಿ ಇರುವ ತನಕ ಇದು ದಶಮಾಂಶ ಅಲ್ಲ ಅಂತ ನೋಡಿದ ಕೂಡಲೇ ತಿಳಿಯುತ್ತದೆ. ಎಡವಟ್ಟು ಆಗುವುದು ಅಲ್ಲಿಂದ ಮುಂದೆ. ಅರ್ಜಿಗೆ, ನೋಟಿಸಿಗೆ, ಪಟ್ಟಿಗೆ ಇಳಿಸುವಾಗ ಬಾಲದ ಸೊನ್ನೆಗಳು ಬಿಟ್ಟುಹೋಗುತ್ತವೆ. ಉಳಿಯುವುದು 3.20. ಅದನ್ನು ಎಕ್ಸೆಲ್‌ಗೆ ಹಾಕಿ ನೋಡಿ, ಕೊನೆಯ ಸೊನ್ನೆಯನ್ನೂ ಅದು ಉಳಿಸುವುದಿಲ್ಲ. 3.2 ಅಂತ ತೋರಿಸುತ್ತದೆ. ಈಗ ಓದುವವರು ಏನಂತ ಓದಬೇಕು? ಒಬ್ಬರು 3 ಎಕರೆ 2 ಗುಂಟೆ ಅನ್ನುತ್ತಾರೆ. ಇನ್ನೊಬ್ಬರು ಸೀದಾ 3.2 ಎಕರೆ ಅಂತ ಎಕರೆ ದರದಿಂದ ಗುಣಿಸುತ್ತಾರೆ. ನಿಜವಾದ ಹೊಲ ಮೂರೂವರೆ ಎಕರೆ.

ಇದು ನಮ್ಮ ಮನೆಯಲ್ಲೇ ಆಯಿತು. ಅಪ್ಪನ ಹೆಸರಿನಲ್ಲಿ 3 ಎಕರೆ 20 ಗುಂಟೆ ಇತ್ತು. ಒಂದು ಕಾಮಗಾರಿಗೆ ಅಷ್ಟೂ ಹೋಯಿತು. ಪರಿಹಾರದ ಪಟ್ಟಿ ಕೈಗೆ ಬಂದಾಗ ಅಪ್ಪ ಅದನ್ನು ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಹೊಲ ಹೋದ ದುಃಖದಲ್ಲಿ ಯಾರೂ ಬಿಡಿಸಿ ನೋಡಲಿಲ್ಲ. ಮೂರು ದಿನ ಆದ ಮೇಲೆ ನಾನು ನೋಡಿದೆ. ಎಕರೆ ದರವನ್ನು 3.2ರಿಂದ ಗುಣಿಸಿದ್ದರು. ನಡುವೆ ಕಾಣೆಯಾದದ್ದು 12 ಗುಂಟೆ. ಹದಿಮೂರು ಸಾವಿರ ಚದರ ಅಡಿಗೂ ಜಾಸ್ತಿ. 30-40ರ ಸೈಟು ಮಾಡಿದರೆ ಹೆಚ್ಚು ಕಡಿಮೆ ಹನ್ನೊಂದು ಸೈಟು.

ಅಪ್ಪನಿಗೆ ಹೇಳಿದರೆ ನಂಬಲೇ ಇಲ್ಲ. “ಕಂಪ್ಯೂಟರ್ ಲೆಕ್ಕ ತಪ್ಪಾಗ್ತದೇನವ್ವ?” ಅಂದರು. ಕಂಪ್ಯೂಟರ್ ತಪ್ಪು ಮಾಡಿರಲಿಲ್ಲ. ಕೊಟ್ಟ ಅಂಕಿಯನ್ನು ಸರಿಯಾಗಿಯೇ ಗುಣಿಸಿತ್ತು. ಪಟ್ಟಿ ಮಾಡಿದವರೂ ಮೋಸ ಮಾಡಬೇಕು ಅಂತ ಮಾಡಿದ್ದಲ್ಲ, ಅದನ್ನು ನಾನು ಮನಸಾರೆ ಹೇಳುತ್ತೇನೆ. ಸರಿಪಡಿಸಿಕೊಳ್ಳಲು ಮಾತ್ರ ಒಂದು ವರ್ಷ ಎಂಟು ತಿಂಗಳು ಬೇಕಾಯಿತು. ಎದುರು ಅಂಗಡಿಯವಳಾದ ನನಗೇ ಅಷ್ಟು ದಿನ ಹಿಡಿಯಿತು. ಹಳ್ಳಿಯಿಂದ ಬಸ್ಸು ಹಿಡಿದು ಬರುವವರ ಗತಿ ಏನು?

ನಮ್ಮದು ನೀರಿಗೆ ನೆಲ ಕೊಟ್ಟ ಜಿಲ್ಲೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋದವು, ನವನಗರ ಎದ್ದಿತು. ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಯೋಜನೆ ಮುಂದಿದೆ. ಅಂದರೆ ಇನ್ನೂ ಎಷ್ಟೋ ಊರುಗಳ ಹೊಲಗಳು ಪಟ್ಟಿಯಲ್ಲಿ ಅಂಕಿಯಾಗಿ ಬರಲಿವೆ. ಎಕರೆಗೆ 30 ಲಕ್ಷ ಅಂತ ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. ಅಪ್ಪನಂಥ ಹೊಲಕ್ಕೆ ಆ ಒಂದು ಚುಕ್ಕಿಯಿಂದ 9 ಲಕ್ಷ ರೂಪಾಯಿ ವ್ಯತ್ಯಾಸ. ಪಟ್ಟಿ ತಯಾರಾಗುವ ಮೊದಲೇ ಹೇಳೋಣ ಅಂತ ಈಗ ಬರೆಯುತ್ತಿದ್ದೇನೆ.

ಗಡಿಯ ಕಡೆಯವರ ಪಾಡು ಇನ್ನೊಂದು ತರಹ. ವಿಜಯಪುರದ ಚಡಚಣ, ಬೆಳಗಾವಿಯ ಅಥಣಿ ಕಡೆ ಆಚೆಗೊಂದು ಈಚೆಗೊಂದು ಹೊಲ ಇರುವ ಮನೆಗಳಿವೆ. ಮಹಾರಾಷ್ಟ್ರದ ಸಾತ್‌ಬಾರಾ ಉತಾರದಲ್ಲಿ ಹೆಕ್ಟೇರ್ ಮತ್ತು ಆರ್ ಲೆಕ್ಕ. 100 ಆರ್‌ಗೆ ಒಂದು ಹೆಕ್ಟೇರ್. ಹಾಗಾಗಿ ಅಲ್ಲಿ 1.40 ಅಂದರೆ ನಿಜವಾಗಿಯೂ ದಶಮಾಂಶದ 1.40 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ ಸುಮಾರು 3 ಎಕರೆ 18 ಗುಂಟೆ. ಈಚೆ ದಂಡೆಯಲ್ಲಿ 1.40 ಅಂತ ಬರೆಯಲು ಬರುವುದೇ ಇಲ್ಲ, ಏಕೆಂದರೆ ಅದು ತುಂಬಿ 2 ಎಕರೆ ಆಗಿಬಿಡುತ್ತದೆ. ಅಣ್ಣತಮ್ಮಂದಿರ ವಾಟಣಿಯಲ್ಲಿ, ಅಂದರೆ ಆಸ್ತಿ ಪಾಲಿನಲ್ಲಿ, ಈ ಎರಡು ಉತಾರಗಳನ್ನು ಒಂದೇ ಕಾಗದದ ಮೇಲೆ ಕೂಡಿಸಿದ್ದನ್ನು ನಾನೇ ನೋಡಿದ್ದೇನೆ.

ಈಗ ಹೊತ್ತಿನ ವಿಷಯಕ್ಕೆ ಬರುತ್ತೇನೆ. ಅಲ್ಲಿಯೂ ಇದೇ ಚುಕ್ಕಿ.

ಬೇಸಿಗೆಯಲ್ಲಿ ನಮ್ಮ ಪಕ್ಕದ ಮನೆಯವರು ಹೊಲದ ಒಡ್ಡು ಹಾಕಿಸಲು ಜೆಸಿಬಿ ಕರೆಸಿದ್ದರು. ಬಾಡಿಗೆ ತಾಸಿನ ಲೆಕ್ಕ. ಯಂತ್ರದೊಳಗೆ ಒಂದು ಮೀಟರ್ ಇರುತ್ತದೆ, ಎಂಜಿನ್ ಎಷ್ಟು ತಾಸು ಓಡಿತು ಅಂತ ತೋರಿಸುತ್ತದೆ. ಸುರು ಮಾಡುವಾಗ 4512.6 ಇತ್ತು. ಮುಗಿದಾಗ 4514.9. ಕಳೆದರೆ 2.3. “ಎರಡು ಮೂವತ್ತು, ಅಂದ್ರ ಎರಡೂವರೆ ತಾಸು” ಅಂದ ಚಾಲಕ. ಪಕ್ಕದ ಮನೆಯವರೂ ಹೂಂ ಅಂದರು. ಇಬ್ಬರೂ ಪ್ರಾಮಾಣಿಕರೇ. ಆದರೆ ಆ ಮೀಟರ್‌ನ ಚುಕ್ಕಿ ದಶಮಾಂಶದ್ದು. ಕೊನೆಯ ಅಂಕಿ ಒಂದು ಏರಿದರೆ ತಾಸಿನ ಹತ್ತನೇ ಒಂದು ಭಾಗ, 6 ನಿಮಿಷ. 2.3 ಅಂದರೆ 2 ತಾಸು 18 ನಿಮಿಷ. ತಾಸಿಗೆ 1,200 ರೂಪಾಯಿ ಅಂದರೆ 2,760 ಕೊಡಬೇಕಿತ್ತು, 3,000 ಕೊಟ್ಟರು. ಗುರುತು ಹಿಡಿಯುವುದು ಸುಲಭ: ಕೊನೆಯ ಅಂಕಿ 7, 8, 9 ಕೂಡ ಆಗುತ್ತದೆ. ಅದು ನಿಮಿಷವಾಗಿದ್ದರೆ ಎಪ್ಪತ್ತು, ಎಂಬತ್ತು, ತೊಂಬತ್ತು ನಿಮಿಷ ಎಲ್ಲಿಂದ ಬರಬೇಕು?

ನೋಡಿ, ಇದು ಹೊಲದ ಲೆಕ್ಕದ ಉಲ್ಟಾ. ಉತಾರದಲ್ಲಿ ದಶಮಾಂಶ ಅಲ್ಲದ ಚುಕ್ಕಿಯನ್ನು ದಶಮಾಂಶ ಅಂತ ಓದುತ್ತಾರೆ. ಜೆಸಿಬಿಯಲ್ಲಿ ದಶಮಾಂಶದ ಚುಕ್ಕಿಯನ್ನು ನಿಮಿಷ ಅಂತ ಓದುತ್ತಾರೆ. ಎರಡು ಕಡೆಯೂ ನಷ್ಟ ಹೊಲದವರಿಗೇ.

ನಮ್ಮ ಮುತ್ಯಾ ಯುಗಾದಿಗೆ ಪಂಚಾಂಗ ತಂದು ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ಅದರಲ್ಲೂ ಚುಕ್ಕಿಯೇ. ತಿಥಿಯ ಮುಂದೆ 32.15 ಅಂತಿದ್ದರೆ, ಹೊತ್ತು ಮೂಡಿ 32 ಗಳಿಗೆ 15 ವಿಗಳಿಗೆ. ಹಗಲು ರಾತ್ರಿ ಸೇರಿ 60 ಗಳಿಗೆ, ಒಂದು ಗಳಿಗೆ ಅಂದರೆ ನಮ್ಮ 24 ನಿಮಿಷ, ಗಳಿಗೆಗೆ 60 ವಿಗಳಿಗೆ. ಎರಡೂವರೆ ಗಳಿಗೆಗೆ ಒಂದು ತಾಸು. ಹಾಗಾಗಿ 32.15 ಅಂದರೆ ಮೂವತ್ತೆರಡೂಕಾಲು ಗಳಿಗೆ, ಹೊತ್ತು ಮೂಡಿ 12 ತಾಸು 54 ನಿಮಿಷ. ಮುತ್ಯಾ ಇದನ್ನು ಬಾಯಲ್ಲೇ ಹೇಳುತ್ತಿದ್ದರು, ತಪ್ಪುತ್ತಿರಲಿಲ್ಲ. ಏಕೆಂದರೆ ಪಂಚಾಂಗ ಓದುವವರೆಲ್ಲರಿಗೂ ಅಲ್ಲಿನ ಚುಕ್ಕಿ ಅರವತ್ತರದ್ದು ಅಂತ ಗೊತ್ತಿತ್ತು. ಅದನ್ನು ಯಾರೂ ಕ್ಯಾಲ್ಕುಲೇಟರ್‌ಗೆ ಕೊಡುತ್ತಿರಲಿಲ್ಲ.

ಹಾಗಾದರೆ ಎಲ್ಲವನ್ನೂ ನೂರರ ಲೆಕ್ಕಕ್ಕೆ ತಂದುಬಿಟ್ಟರೆ ಆಯಿತಲ್ಲ ಅಂತ ನೀವು ಕೇಳಬಹುದು. ಫ್ರಾನ್ಸಿನವರು ಅದನ್ನೂ ಮಾಡಿ ನೋಡಿದ್ದಾರೆ. 1793ರಲ್ಲಿ ಅಲ್ಲಿ ದಿನಕ್ಕೆ 10 ಗಂಟೆ, ಗಂಟೆಗೆ 100 ನಿಮಿಷ, ನಿಮಿಷಕ್ಕೆ 100 ಸೆಕೆಂಡು ಅಂತ ಕಾನೂನು ಮಾಡಿದರು. ಜನಕ್ಕೆ ಒಗ್ಗಲಿಲ್ಲ. 1795ರ ಏಪ್ರಿಲ್ 7ರ ಕಾನೂನಿನಲ್ಲಿ ಅದನ್ನು ತಡೆಹಿಡಿದರು. ಮೀಟರ್, ಲೀಟರ್, ಗ್ರಾಂ ಅನ್ನುವ ಹೆಸರುಗಳನ್ನು ಕೊಟ್ಟದ್ದೂ ಅದೇ ಕಾನೂನು. ಉದ್ದ, ತೂಕ ಹತ್ತರ ದಾರಿ ಹಿಡಿದವು. ಹೊತ್ತು ಅರವತ್ತರಲ್ಲೇ ಉಳಿಯಿತು. ಇವತ್ತಿಗೂ ಹಾಗೇ ಇದೆ. ಆದ್ದರಿಂದ ಎರಡು ಲೆಕ್ಕದ ಜೊತೆ ಬಾಳುವುದು ನಮಗೆ ತಪ್ಪಿದ್ದಲ್ಲ. ಸಂತೆಯಲ್ಲಿ ನಾವು ಚೆನ್ನಾಗಿಯೇ ಬಾಳುತ್ತಿದ್ದೇವೆ ಕೂಡ. ಪಾವ್ ಕಿಲೋ ಬದನೆಕಾಯಿ ಅನ್ನುತ್ತೇವೆ, ಒಂದೂವರೆಗೆ ದೀಡ ತಾಸು ಅನ್ನುತ್ತೇವೆ. ಹಳೆಯ ಭಾಗ, ಹೊಸ ಅಳತೆ, ಯಾರಿಗೂ ಗೊಂದಲ ಇಲ್ಲ. ಏಕೆಂದರೆ ಅಲ್ಲಿ ಬಾಯಿಯಿಂದ ಪೂರ್ತಿ ಹೆಸರು ಬರುತ್ತದೆ.

ಹೆಸರು ಹೇಳುವ ಈ ರೂಢಿ ಸರ್ಕಾರಕ್ಕೂ ಹೊಸದಲ್ಲ. 1957ರ ಏಪ್ರಿಲ್ 1ರಂದು ರೂಪಾಯಿಗೆ 100 ಪೈಸೆ ಬಂತು. ಅದಕ್ಕೂ ಮೊದಲು ರೂಪಾಯಿಗೆ 16 ಆಣೆ, 64 ಪೈಸೆ. ಪೈಸೆ ಅನ್ನುವ ಹೆಸರು ಎರಡೂ ಕಡೆ ಇತ್ತು. ಜನ ಮೋಸ ಹೋಗಬಾರದು ಅಂತ ಹೊಸದಕ್ಕೆ ‘ನಯಾ ಪೈಸೆ’ ಅಂತ ಕರೆದರು. ಅಷ್ಟಕ್ಕೇ ಬಿಡಲಿಲ್ಲ. ಇದು ರೂಪಾಯಿಯ ನೂರನೇ ಒಂದು ಭಾಗ ಅಂತ ಆ ಪುಟ್ಟ ನಾಣ್ಯದ ಮೇಲೇ ಹಿಂದಿಯಲ್ಲಿ ಅಚ್ಚು ಹಾಕಿದರು. ನಮ್ಮ ಅವ್ವನ ಹಳೆಯ ಡಬ್ಬಿಯಲ್ಲಿ ಅಂಥ ಒಂದು ನಾಣ್ಯ ಇದೆ. ಉಗುರಿನಷ್ಟು ಜಾಗದಲ್ಲಿ ಅಷ್ಟೂ ಅಕ್ಷರ ಹಿಡಿಸಿದ್ದಾರೆ.

ಇನ್ನೂ ಹಿಂದಕ್ಕೆ ಹೋಗಿ. ನಮ್ಮ ಮೂರೂ ಜಿಲ್ಲೆಗಳ ಹಳೆಯ ಗುಡಿಗಳ ಮುಂದೆ ಶಾಸನಗಳಿವೆ. ದಾನ ಕೊಟ್ಟ ಭೂಮಿಯನ್ನು ಅಲ್ಲಿ ಮತ್ತರು ಅನ್ನುವ ಲೆಕ್ಕದಲ್ಲಿ ಬರೆದಿರುತ್ತಾರೆ. ಅಳೆಯುವ ಕೋಲು ಆಗ ಎಲ್ಲ ಕಡೆ ಒಂದೇ ಇರಲಿಲ್ಲ. ಅದಕ್ಕೆ ಕನ್ನಡ ನಾಡಿನ ಎಷ್ಟೋ ಶಾಸನಗಳಲ್ಲಿ ಯಾವ ಕೋಲಿನಿಂದ ಅಳೆದದ್ದು ಅಂತಲೂ ಕಲ್ಲಿನಲ್ಲೇ ಕೊರೆದಿದ್ದಾರೆ. ಕಲ್ಲಿನಲ್ಲಿ ಒಂದು ಅಕ್ಷರ ಕೊರೆಯುವ ಕಷ್ಟ ಎಷ್ಟು ಅಂತ ಯೋಚಿಸಿ. ಆ ಕಷ್ಟ ಪಟ್ಟವರು ಕೋಲಿನ ಹೆಸರು ಬಿಡಲಿಲ್ಲ. ನಾವು ಕೀಲಿಮಣೆ ಒತ್ತುವವರು ‘ಗುಂಟೆ’ ಅನ್ನುವ ಒಂದು ಪದ ಬಿಡುತ್ತಿದ್ದೇವೆ.

ನನ್ನ ಬೇಡಿಕೆ ದೊಡ್ಡದಲ್ಲ. ಹೊಲದ ವಿಸ್ತೀರ್ಣ ಬರೆಯುವ ಕಡೆಯೆಲ್ಲ, ನೋಟಿಸು ಇರಲಿ, ಪರಿಹಾರದ ಪಟ್ಟಿ ಇರಲಿ, ಚುಕ್ಕಿ ತೆಗೆಯಿರಿ. ‘3 ಎಕರೆ 20 ಗುಂಟೆ’ ಅಂತ ಬಾಯಲ್ಲಿ ಹೇಳುವ ಹಾಗೇ ಬರೆಯಿರಿ. ಅರ್ಜಿ ನಮೂನೆಯಲ್ಲಿ ಎಕರೆಗೆ ಒಂದು ಖಾನೆ, ಗುಂಟೆಗೆ ಇನ್ನೊಂದು ಖಾನೆ ಇರಲಿ. ಗುಂಟೆಯ ಖಾನೆಯಲ್ಲಿ 39ಕ್ಕಿಂತ ಜಾಸ್ತಿ ಹಾಕಿದರೆ ಕಂಪ್ಯೂಟರ್ ತೆಗೆದುಕೊಳ್ಳಬಾರದು.

ಅದರ ಪಕ್ಕದಲ್ಲಿ ಚದರ ಮೀಟರ್ ಕೂಡ ಬರೆಯಿರಿ. ಮೆಟ್ರಿಕ್ ಅಳತೆಯ ನಿಜವಾದ ಉಪಕಾರ ಇರುವುದು ಇಲ್ಲಿ. ಒಂದು ಗುಂಟೆ ಅಂದರೆ 101.17 ಚದರ ಮೀಟರ್. ಆ ತಾಯಿಯ 1 ಎಕರೆ 30 ಗುಂಟೆ ಅಂದರೆ 7,082 ಚದರ ಮೀಟರ್. ಎರಡು ಹೊಲ ಕೂಡಿಸಿದರೆ 14,164. ಅದು ಸರಿಯಾಗಿ 3 ಎಕರೆ 20 ಗುಂಟೆ. ನಡುವೆ ಚುಕ್ಕಿ ಇಲ್ಲ, ನಲವತ್ತು ತುಂಬುವ ಚಿಂತೆ ಇಲ್ಲ, ಮೊಮ್ಮಗನ ಮೊಬೈಲ್‌ಗೂ ತಪ್ಪುವುದಿಲ್ಲ. ಅಜ್ಜಿಗೆ ಗುಂಟೆ, ಹುಡುಗನಿಗೆ ಮೀಟರ್. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಾಳೆ ನೋಡಬಹುದು ಅಲ್ವಾ?

ಬಾಡಿಗೆ ಯಂತ್ರಗಳ ವಿಷಯ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಹೇಳಿ. ಪೆಟ್ರೋಲ್ ಬಂಕು, ತಕ್ಕಡಿ ಪರೀಕ್ಷೆ ಮಾಡುವವರು ಅವರೇ. ತಾಸಿನ ಮೀಟರ್ ಪಕ್ಕದಲ್ಲಿ ‘ಕೊನೆಯ ಅಂಕಿ 1 = 6 ನಿಮಿಷ’ ಅಂತ ಒಂದು ಚೀಟಿ ಅಂಟಿಸುವಂತೆ ಮಾಡಿದರೂ ಸಾಕು. ಇನ್ನು ಸಾಲಿ ಮಾಸ್ತರರಲ್ಲಿ ಒಂದು ವಿನಂತಿ. ದಶಮಾಂಶ ಕಲಿಸುವ ದಿನ ಮಕ್ಕಳಿಗೆ ಮನೆಯ ಉತಾರ ತರಲು ಹೇಳಿ. ಅದೇ ದಿನ ಗಡಿಯಾರವನ್ನೂ ಮೇಜಿನ ಮೇಲೆ ಇಡಿ. ಒಂದು ತರಗತಿ ಸಾಕು.

ನಾನು ಅಂಗಡಿಯಲ್ಲಿ ಚುಕ್ಕಿ ಬಿಟ್ಟು ಬಹಳ ದಿನ ಆಯಿತು. ಟೈಪ್ ಮಾಡುವ ಪ್ರತಿ ಅರ್ಜಿಯಲ್ಲೂ ಎಕರೆ, ಗುಂಟೆ ಅಂತ ಪೂರ್ತಿ ಬರೆಯುತ್ತೇನೆ. ಆದರೆ ಒಂದೇ ಖಾನೆ ಇರುವ ಫಾರ್ಮು ಬಂದರೆ ಅದು ಅಕ್ಷರ ಒಪ್ಪುವುದಿಲ್ಲ, ಅಂಕಿ ಮತ್ತು ಚುಕ್ಕಿ ಮಾತ್ರ ತೆಗೆದುಕೊಳ್ಳುತ್ತದೆ. ಅಲ್ಲಿ ನನ್ನ ಕೈ ನಿಲ್ಲುತ್ತದೆ. 3.20 ಒತ್ತಬೇಕೋ, 3.5 ಒತ್ತಬೇಕೋ ಅಂತ ಎದುರಿನ ಕಚೇರಿಗೆ ಹೋಗಿ ಕೇಳಿ ಬರುತ್ತೇನೆ. ಒಮ್ಮೊಮ್ಮೆ ಒಂದೇ ದಿನ ಎರಡು ಉತ್ತರ ಸಿಕ್ಕಿದೆ.

ಸೆಪ್ಟೆಂಬರ್ 13ರ ಸುಮಾರಿಗೆ ಉತ್ತರಿ ಮಳೆ ಕೂಡುತ್ತದೆ. ಹದ ಸಿಕ್ಕರೆ ಬಿಳಿಜೋಳ ಬಿತ್ತಲು ಜನ ಕೂರಿಗೆ ಹೂಡುತ್ತಾರೆ. ಅದರ ಹಿಂದೆಯೇ ಹಿಂಗಾರಿನ ವಿಮೆ ಫಾರ್ಮು ತುಂಬಲು ನನ್ನ ಅಂಗಡಿ ಮುಂದೆ ಸಾಲು ಹಚ್ಚುತ್ತಾರೆ. ಅಷ್ಟರೊಳಗೆ ಆ ಒಂದು ಖಾನೆ ಎರಡು ಆಗುವಂತೆ ಮಾಡಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ತಾಲೂಕು ಕಚೇರಿ ಎದುರಿನ ಅರ್ಜಿ ಬರೆಯುವವಳು
ಬಾಗಲಕೋಟೆ ಜಿಲ್ಲೆ